ನವಿಲಿನ ಗಡಿಯಾರ ಮತ್ತು ಎಂಟು ಪಾದದ ನೆರಳು

ಮಾನ್ಯ ಜಿಲ್ಲಾ ತಾಲೂಕದಾರ ಸಾಹೇಬರೇ,

ನಿಮ್ಮ ಕೈಕೆಳಗಿನ ಕಚೇರಿಯೊಂದರ ಹೆಬ್ಬಾಗಿಲ ಮೇಲಿರುವ ಗಡಿಯಾರ ಸುಳ್ಳು ಹೇಳುತ್ತದೆ. ಅದರಿಂದಾಗಿ ಒಬ್ಬ ಕುರಿಗಾರ ತನ್ನ ಹಿಂಡಿನ ನೀರಿನ ದಾರಿಯನ್ನೇ ಕಳೆದುಕೊಂಡು ಕೂತಿದ್ದಾನೆ. ಇದೇ ಮಾತನ್ನು ಎರಡು ಸಲ ಮುನಶಿಯ ಕೈಯಿಂದ ಉರ್ದುವಿನಲ್ಲಿ ಬರೆಸಿ ನಿಮಗೆ ಕಳಿಸಿದ್ದೆ. ಮುನಶಿಯವರು ಮೊದಲ ಹನ್ನೆರಡು ಸಾಲು ನಿಮ್ಮ ಹೊಗಳಿಕೆಗೇ ಮೀಸಲಿಟ್ಟಿದ್ದರು. ಹದಿಮೂರನೆಯ ಸಾಲಿಗೆ ಬರುವಷ್ಟರಲ್ಲಿ ನಿಮಗೆ ನಿದ್ದೆ ಹತ್ತಿರಬೇಕು. ಆದ್ದರಿಂದ ಈ ಸಲ ಹೊಗಳಿಕೆ ಬಿಟ್ಟು, ನನ್ನ ಮನೆಯ ಭಾಷೆಯಲ್ಲಿ, ಸೊಲ್ಲಾಪುರದಲ್ಲಿ ಅಚ್ಚಾಗುವ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ. ಉದಗೀರದಿಂದ ನಿಲಂಗಾದವರೆಗೆ ಯಾರನ್ನು ಕೇಳಿದರೂ ನವಿಲಿನ ಗಡಿಯಾರ ಎಲ್ಲಿದೆ ಎಂದು ತೋರಿಸುತ್ತಾರೆ.

ನಿಮಗೂ ಗೊತ್ತು. ನಾಲ್ಕು ವರ್ಷದ ಹಿಂದೆ ನೀವೇ ಬಂದು ಅದರ ಮೇಲಿನ ರೇಶ್ಮೆ ಪರದೆ ಸರಿಸಿದಿರಿ. ಎರಡು ಕಡೆ ಗಚ್ಚಿನ ನವಿಲು, ನೆತ್ತಿಯ ಮೇಲೆ ಹಿತ್ತಾಳೆಯ ಚಂದ್ರ, ನಡುವೆ ಬಿಳಿ ಮುಖ, ಕರಿ ಮುಳ್ಳು. ಚಂದವಿತ್ತು, ಇಲ್ಲವೆನ್ನುವುದಿಲ್ಲ. ಗುಂಪಿನಲ್ಲಿ ನಿಂತು ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಅದಕ್ಕೂ ಮೊದಲು ಅಲ್ಲಿ ಒಂದು ಕಂಚಿನ ಗಂಟೆ ತೂಗುತ್ತಿತ್ತು. ಪಹರೆಯವನು ತಾಸಿಗೊಮ್ಮೆ ಬಡಿಯುತ್ತಿದ್ದ. ದನದ ಬಾಜಾರದವರೆಗೂ ಕೇಳುತ್ತಿತ್ತು. ಗಡಿಯಾರ ಬಂದ ಮೇಲೆ ಗಂಟೆ ಯಾಕೆ ಎಂದು ಅದನ್ನು ಇಳಿಸಿದರು. ಆ ಗಂಟೆ ಈಗ ಕಚೇರಿಯ ಪಡಸಾಲೆಯಲ್ಲಿ ನೀರಿನ ಹರವಿಗೆ ಮುಚ್ಚಳವಾಗಿದೆ. ನೀರಿನಲ್ಲಿ ಧೂಳು ಬೀಳುವುದಿಲ್ಲ, ಅಷ್ಟರಮಟ್ಟಿಗೆ ಸರ್ಕಾರದ ಕೆಲಸ ನಡೆದಿದೆ.

ಗಡಿಯಾರ ನಿಂತೇ ಹೋಗಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸತ್ತ ಗಡಿಯಾರ ಯಾರನ್ನೂ ಮೋಸ ಮಾಡುವುದಿಲ್ಲ. ಇದು ನಡೆಯುತ್ತದೆ, ಅದೇ ಇದರ ಕಿತಾಪತಿ. ಕೀಲಿ ಕೊಡುವ ಕೆಲಸದವನು ನೆನಪಾದಾಗ ನಿಚ್ಚಣಿಕೆ ಏರುತ್ತಾನೆ. ಅಷ್ಟರಲ್ಲಿ ಗಡಿಯಾರ ಒಂದು ತಾಸೋ, ಅರ್ಧ ದಿನವೋ ನಿಂತಿರುತ್ತದೆ. ಅವನು ಕೀಲಿ ತಿರುವಿ, ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಅದನ್ನು ಓಡಿಸಿ ಇಳಿದು ಬರುತ್ತಾನೆ. ಸರಿಯಾದ ಹೊತ್ತಿಗೆ ಮುಳ್ಳು ತಿರುವಬಾರದೇನಪ್ಪಾ ಎಂದು ಕೇಳಿದರೆ, ತನಗೆ ಕೀಲಿ ಕೊಡುವ ಹುಕುಂ ಮಾತ್ರ ಇದೆ, ಮುಳ್ಳು ಮುಟ್ಟುವ ಹುಕುಂ ಇಲ್ಲ ಎನ್ನುತ್ತಾನೆ. ಮುಳ್ಳು ಮುಟ್ಟಬಲ್ಲ ಕಾರೀಗರ ಹೈದರಾಬಾದಿಗೆ ವಾಪಸು ಹೋಗಿ ನಾಲ್ಕು ವರ್ಷವಾಯಿತು. ಹೀಗಾಗಿ ಊರಿನವರು ಯಾರೂ ಆ ಗಡಿಯಾರದ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಒಳಗಿನ ಸಾಹೇಬರೆಲ್ಲ, ವಿಚಾರಣೆಯ ಕಾಗದಪತ್ರ ನೋಡಿಕೊಳ್ಳುವ ಪೇಶಕಾರರ ಕಿಸೆಯ ಗಡಿಯಾರದಂತೆ ನಡೆಯುತ್ತಾರೆ. ಹಾಗಾದರೆ ಇದನ್ನು ನೋಡುವವರು ಯಾರು? ಜಳಕೋಟ, ದೇವಣಿಯ ಹಳ್ಳಿಗಳಿಂದ ನಸುಕಿನಲ್ಲಿ ಎದ್ದು ಬರುವ ನಮ್ಮಂಥವರು, ಸರ್ಕಾರವನ್ನು ನಂಬಿದವರು.

ಈಗ ಬೀರಣ್ಣ ಕಾಕಾನ ಸಂಗತಿ ಕೇಳಿರಿ. ಅರವತ್ತು ದಾಟಿದ ಕುರಿಗಾರ, ಬೀರಪ್ಪನ ಭಕ್ತ. ನನ್ನ ಅಜ್ಜನ ಕಾಲದಿಂದ ಅವನ ಮನೆಯವರು ಸುಗ್ಗಿಯ ಮೇಲೆ ನಮ್ಮ ಹೊಲದಲ್ಲಿ ಕುರಿ ತರುಬುತ್ತಾರೆ. ಹಿಂಡು ಅಲ್ಲೇ ಮಲಗುತ್ತದೆ, ಗೊಬ್ಬರ ಹೊಲಕ್ಕೆ, ಜೋಳ ಅವರಿಗೆ. ಅವನ ಹಟ್ಟಿಯಿಂದ ಹಳ್ಳಕ್ಕೆ ಹೋಗುವ ದಾರಿಯನ್ನು ಹೋದ ವರ್ಷ ಪಕ್ಕದ ಜಮೀನುದಾರ ನೇಗಿಲು ಹೊಡೆದು ಮುಚ್ಚಿದ. ಇನ್ನೂರು ಕುರಿ ಈಗ ನೀರಿಗಾಗಿ ಎರಡು ಹರದಾರಿ ಸುತ್ತುತ್ತವೆ. ಬೀರಣ್ಣ ಅರ್ಜಿ ಹಾಕಿದ. ಮಾಘ ಮಾಸದ ಒಂದು ಸೋಮವಾರ, ಮುಂಜಾನೆ ಹತ್ತಕ್ಕೆ ವಿಚಾರಣೆ ಎಂದು ಕಾಗದ ಬಂತು. ನಾನು ಸಾಕ್ಷಿ.

ಬೀರಣ್ಣನಿಗೆ ಗಡಿಯಾರ ಓದಲು ಬರುವುದಿಲ್ಲ. ಅವನು ಬಯಲಲ್ಲಿ ನೆಟ್ಟಗೆ ನಿಂತು ತನ್ನ ನೆರಳನ್ನು ತನ್ನ ಪಾದದಿಂದ ಅಳೆಯುತ್ತಾನೆ. ಯಾವ ಮಾಸದಲ್ಲಿ ಎಷ್ಟು ಪಾದಕ್ಕೆ ಎಷ್ಟು ಹೊತ್ತು ಎಂಬುದು ಅವನಿಗೆ ಬಾಯಿಪಾಠ. ಹಳೆಯ ಗಂಟೆ ಇದ್ದಾಗ ಬಾಜಾರದಲ್ಲಿ ನಿಂತು, ಗಂಟೆಗೂ ನೆರಳಿಗೂ ತಾಳೆ ನೋಡಿ ಕಲಿತದ್ದು. ನಾನಾದರೋ ಸೊಲ್ಲಾಪುರದ ಶಾಲೆಯಲ್ಲಿ ನಾಲ್ಕು ಇಯತ್ತೆ ಓದಿದವನು, ಗಡಿಯಾರ ಓದಬಲ್ಲವನು. ಆ ಜಂಬ ನನಗಿತ್ತು.

ಕಚೇರಿಯ ಮುಂದಿನ ಬಯಲಲ್ಲಿ ಕಾಕಾ ನೆರಳು ಅಳೆದ. "ಎಂಟು ಪಾದಕ್ಕ ಬಂದಾದ್ರಿ ಅಪ್ಪಾರ. ಹತ್ತಾಗ್ಯಾದ. ಒಳಗ ಹೋಗಮ್ರಿ."

ನಾನು ಮೇಲೆ ನೋಡಿದೆ. ನವಿಲುಗಳ ನಡುವೆ ಸರಿಯಾಗಿ ಒಂಬತ್ತು.

"ಕಾಕಾ, ಇನ್ನಾ ಒಂದ್ ತಾಸ್ ಅದ. ಬುತ್ತಿ ಬಿಚ್ಚಮು ನಡಿ."

"ಇಲ್ರಿ, ನೆರಳ ನೋಡ್ರಿ ನೀವೇ."

"ಸರ್ಕಾರದ್ ಗಡಿಯಾರ ಸುಳ್ಳ ಹೇಳ್ತದೇನ್? ನಿನ್ನ ನೆರಳ ಕುರಿಗಿ ಸಾಕು, ಕಚೇರಿಗಿ ಸಾಲ್ದು."

ಅವನು ಮತ್ತೊಮ್ಮೆ ಪಾದ ಅಳೆದ. ಆಮೇಲೆ ನವಿಲುಗಳನ್ನು ನೋಡಿದ, ನನ್ನನ್ನು ನೋಡಿದ, ನನ್ನ ಹಿಂದೆ ಬಂದ. ಬಾವಿಯ ಕಟ್ಟೆಯ ಮೇಲೆ ಕೂತು ರೊಟ್ಟಿ, ಶೇಂಗಾದ ಹಿಂಡಿ ತಿಂದೆವು. ಗಡಿಯಾರದಲ್ಲಿ ಒಂಬತ್ತೂ ನಲವತ್ತಾಗಿದ್ದಾಗ, ಬೇಗನೇ ಬಂದೆವೆಂಬ ಸಮಾಧಾನದಲ್ಲಿ ಮೆಟ್ಟಿಲು ಏರಿದೆವು.

ಹೆಸರು ಕೂಗುವ ಚಪರಾಸಿ ದಿಗಂಬರ ಬಾಗಿಲಲ್ಲೇ ನಿಂತಿದ್ದ. "ಎಲ್ಲಿ ಹೋಗಿದ್ರಿ? ನಾ ಮೂರ್ ಸಲ ಕೂಗ್ದ. ಅರ್ಜಿ ಖಾರಿಜ ಆಯ್ತು, ತೆಗೆದ್ ಹಾಕ್ಯಾರ."

ನಾನು ಗಡಿಯಾರದ ಕಡೆ ಕೈ ಮಾಡಿದೆ. ಅವನಿಗೆ ನಗು ಬಂತು. "ಅದಕ್ಕ ಯಾರ್ ನೋಡ್ತಾರ್ರೀ? ಅದು ಬರೀ ಶೋಭೆಗಿ ಇಟ್ಟಾರ."

ದಿಗಂಬರನ ತಪ್ಪೇನಿಲ್ಲ, ಅವನು ನಿಜ ಹೇಳಿದ. ಪೇಶಕಾರರ ಹತ್ತಿರ ಹೋದರೆ ಅವರೂ ಅದನ್ನೇ ದೊಡ್ಡ ಮಾತುಗಳಲ್ಲಿ ಹೇಳಿದರು. ಆ ಗಡಿಯಾರ ಕಟ್ಟಡದ ಅಲಂಕಾರವೆಂದು ದಫ್ತರದಲ್ಲಿ ದಾಖಲಾಗಿದೆಯಂತೆ. ಅದರಲ್ಲಿ ಹೊತ್ತು ನೋಡಿರಿ ಎಂದು ಯಾವ ಹುಕುಮಿನಲ್ಲೂ ಇಲ್ಲವಂತೆ. ಸಾಹೇಬರೇ, ಹಾಗಾದರೆ ಮುಳ್ಳು ಯಾಕೆ ಇಟ್ಟಿರಿ? ಅಂಕಿ ಯಾಕೆ ಬರೆಸಿದಿರಿ? ಗಂಟೆ ಯಾಕೆ ಇಳಿಸಿದಿರಿ? ಸರ್ಕಾರವೇ ನಂಬದ ಗಡಿಯಾರವನ್ನು ರೈತ ನಂಬಿದರೆ ಶಿಕ್ಷೆ ರೈತನಿಗೋ?

ಬೀರಣ್ಣ ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಪ್ರಯಾಗಬಾಯಿ ಅವನ ಪಾಲಿನದನ್ನೂ ಸೇರಿಸಿ ಆಡಿದಳು: "ಸೂರ್ಯಗ ಸುಳ್ಳಾ ಮಾಡಿ ಗಚ್ಚಿನ ನವಿಲ್ ಮಾತ ಕೇಳಿದ್ರಿ, ಭಾಳ ಶಾಣ್ಯಾ ಇದ್ದೀರಿ." ಅದನ್ನು ನುಂಗಿಕೊಂಡೆ. ನುಂಗಲಾರದ್ದು ಬೇರೆ ಇದೆ. ಈಗ ಕಾಕಾನ ಹಿಂಡು ಅವನ ಹಟ್ಟಿಯ ಪಕ್ಕದ ನಮ್ಮ ಹೊಲದಲ್ಲಿದೆ. ಮೊನ್ನೆ ಮಧ್ಯಾಹ್ನ ಕುರಿಗಳನ್ನು ಆ ಸುತ್ತು ದಾರಿಯಲ್ಲಿ ನೀರಿಗೆ ಹೊಡೆಯುವ ಮೊದಲು ಅವನು ನನ್ನ ಹತ್ತಿರ ಬಂದು ಕೇಳಿದ, "ಹೊತ್ತ ಎಷ್ಟಾಗ್ಯಾದ್ರಿ ಅಪ್ಪಾರ?" ಜನ್ಮದಲ್ಲಿ ಯಾರನ್ನೂ ಹೊತ್ತು ಕೇಳದ ಮನುಷ್ಯ, ತನ್ನ ನೆರಳಿನ ಮೇಲೆ ತಾನೇ ನಿಂತುಕೊಂಡು ನನ್ನನ್ನು ಕೇಳಿದ. ಅವನ ದಾರಿ ಹೋದದ್ದು ನಿಮ್ಮ ಗಡಿಯಾರದಿಂದ, ಅವನ ಧೈರ್ಯ ಹೋದದ್ದು ನನ್ನ ಬಾಯಿಂದ.

ನನ್ನ ಪಾಲಿನದನ್ನು ಇಲ್ಲಿ ನಾಲ್ಕು ಜನ ಓದುವಂತೆ ಒಪ್ಪಿಕೊಂಡಿದ್ದೇನೆ. ನಿಮ್ಮ ಪಾಲಿನದನ್ನು ನೀವು ಮಾಡಿರಿ. ಆ ಗಂಟೆಯನ್ನು ಹರವಿಯ ಮೇಲಿಂದ ತೆಗೆದು ಮತ್ತೆ ತೂಗುಹಾಕಿಸಿರಿ. ಹರವಿಗೆ ಮುಚ್ಚಳ ನಾನೇ ತಂದುಕೊಡುತ್ತೇನೆ. ಗಡಿಯಾರ ಸರಿ ಮಾಡಿಸುವುದು ಆಗದಿದ್ದರೆ ಎರಡೂ ಮುಳ್ಳು ಕೀಳಿಸಿರಿ. ನವಿಲು ಇರಲಿ, ಚಂದ್ರನೂ ಇರಲಿ, ಶೋಭೆಗೆ ಕೊರತೆಯಾಗದು. ಎಲ್ಲಕ್ಕಿಂತ ಮೊದಲು ಬೀರಣ್ಣನ ಅರ್ಜಿಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿರಿ. ಆ ಅಧಿಕಾರ ಜಿಲ್ಲೆಯಲ್ಲಿ ನಿಮ್ಮೊಬ್ಬರಿಗೇ ಇದೆ ಎಂದು ಪೇಶಕಾರರೇ ಹೇಳಿದ್ದಾರೆ. ಕುರಿಗಳು ಗಬ್ಬವಾಗಿವೆ. ಬೇಸಿಗೆ ಬಲಿಯುವುದರೊಳಗೆ ದಾರಿ ಬಿಡಿಸಬೇಕು.

ಕಾಗದ ಕಳಿಸುವಾಗ ಒಂದು ಉಪಕಾರ ಮಾಡಿರಿ. ಅದರಲ್ಲಿ ಹತ್ತು ಗಂಟೆ ಎಂದು ಬರೆಸಬೇಡಿ. ಮುಂಜಾನೆ ನೆರಳು ಎಷ್ಟು ಪಾದಕ್ಕೆ ಬಂದಾಗ ಬರಬೇಕು, ಅಷ್ಟನ್ನು ಬರೆಸಿರಿ. ಬೀರಣ್ಣ ಕಾಕಾ ಬಯಲಲ್ಲಿ ನಿಂತು ಅಳೆದು, ಸರಿಯಾದ ಹೊತ್ತಿಗೆ ಒಳಗೆ ಬರುತ್ತಾನೆ. ನಾನು ಬಾಯಿ ಮುಚ್ಚಿಕೊಂಡು ಅವನ ಹಿಂದೆ ಬರುತ್ತೇನೆ.

ಇಂತಿ,
ಗಡಿಯಾರ ಓದಲು ಬರುತ್ತದೆಂದು ತಿಳಿದಿದ್ದ
ಮನ್ಮಥಪ್ಪ, ದೇವಣಿ ಸೀಮೆಯ ರೈತ