ಕೆಂಪು ಮುಚ್ಚಳಗಳ ಪೆಟ್ಟಿಗೆಗೆ ಮೊಹರು ಹಾಕಿ

ರಾಜ್ಯ ದೂರವಾಣಿ ಆಯೋಗದ ಅಧ್ಯಕ್ಷರಿಗೆ,

ಮಾನ್ಯರೇ,

ನಮ್ಮೂರು ಸ್ಲೇಟ್ ಫೋರ್ಕ್‌ನ ಸಾಮಿಲ್‌ನಲ್ಲಿ ಅಲ್ಲಿನ ಕೆಲಸಗಾರ ಎಲ್ವಿನ್ ಟ್ರೌಟ್ ಸುಟ್ಟು ಸತ್ತ. ಅವನ ಸಾವಿಗೆ ಕಾರಣನಾದ ಆರೋಪ ನನ್ನ ಗಂಡ ವೆಂಡೆಲ್ ಮೇಲಿದೆ. ಅವನು ನಿರಪರಾಧಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಆ ಅಪರಾಧದಲ್ಲಿ ಅವನಿಗೆ ಪಾಲುದಾರರಿದ್ದಾರೆ, ಅವರಲ್ಲಿ ತಾವೂ ಒಬ್ಬರು. ಅದಕ್ಕಿರುವ ಸಾಕ್ಷ್ಯವನ್ನು ಈ ವಾರ ರಸ್ತೆಬದಿಯಲ್ಲಿ, ಹಾಡಹಗಲೇ, ಇಕ್ಕಳ ಹಿಡಿದು ಕಿತ್ತುಹಾಕಲಾಗುತ್ತಿದೆ. ಅದನ್ನು ತಿಳಿಸಲು ಬರೆಯುತ್ತಿದ್ದೇನೆ.

ದೂರವಾಣಿಯ ತಂತಿ ದೊಡ್ಡ ಕಂಪನಿಯದು. ಎದುರಾಳಿ ಕಂಪನಿಗಳಿಗೂ ಅದನ್ನು ಬಾಡಿಗೆಗೆ ಕೊಡಬೇಕೆಂಬುದು ಕಾನೂನು. ನಮ್ಮ ಕಣಿವೆಯ ಉದ್ದನೆಯ ತಾಮ್ರದ ತಂತಿಗಳಿಗೆ, ಮಾತು ದೂರ ಮುಟ್ಟಲೆಂದು, ಹಿಂದೆ ಸುರುಳಿಗಳನ್ನು ಕೂಡಿಸಿದ್ದರು. ಅವೇ ಸುರುಳಿಗಳು ಈಗ ಇಂಟರ್‌ನೆಟ್ಟಿನ ಕತ್ತು ಹಿಸುಕುತ್ತವೆ. ಅವನ್ನು ಬಿಚ್ಚಿ, ತಂತಿಯನ್ನು ಹದಗೊಳಿಸಿ ಕೊಡಬೇಕಾದದ್ದು ದೊಡ್ಡ ಕಂಪನಿ. ತನ್ನ ಗಿರಾಕಿಯನ್ನು ಕಸಿದುಕೊಳ್ಳಲು ಬಂದವನಿಗಾಗಿ ಯಾರು ತಾನೇ ಕಂಬ ಹತ್ತುತ್ತಾರೆ? ಅವರು ಹತ್ತಲಿಲ್ಲ. ಆಗ ತಾವು ಆದೇಶ ಹೊರಡಿಸಿದಿರಿ: ಬಾಡಿಗೆಗೆ ಪಡೆದವರೇ ರಸ್ತೆಬದಿಯ ತಂತಿ ಪೆಟ್ಟಿಗೆ ತೆರೆದು ಹದಗೊಳಿಸಿಕೊಳ್ಳಲಿ, ಕೆಂಪು ಮುಚ್ಚಳವಿರುವ ತಂತಿಜೋಡಿಯನ್ನು ಮಾತ್ರ ಮುಟ್ಟಬಾರದು.

ಆ ಮುಚ್ಚಳವನ್ನು ತಾವು ಎಂದಾದರೂ ಕಣ್ಣಾರೆ ಕಂಡಿದ್ದೀರಾ? ನಾನು ಅದೇ ದೊಡ್ಡ ಕಂಪನಿಯಲ್ಲಿ ತಂತಿ ಬೆಸೆಯುತ್ತಿದ್ದವಳು. ಆಸ್ಪತ್ರೆಯ ತಂತಿ, ಗಣಿಯ ತಂತಿ, ಬೆಂಕಿಯ ಎಚ್ಚರಿಕೆಯ ತಂತಿ ಕೂತಿರುವ ತಿರುಪಿನ ಮೇಲೆ ಬೆರಳ ತುದಿಯಷ್ಟು ಕೆಂಪು ಪ್ಲಾಸ್ಟಿಕ್ ಸಿಕ್ಕಿಸುತ್ತೇವೆ. ಮುಷ್ಕರದ ವರ್ಷ ನಮ್ಮವರು ಬದಲಿ ಕೆಲಸಗಾರರ ವ್ಯಾನುಗಳನ್ನು ಹೊಳೆಗೆ ಉರುಳಿಸಿದರು. ಒಬ್ಬನ ಮೊಣಕಾಲಿನ ಚಿಪ್ಪು ಒಡೆದರು. ಕೆಂಪು ಮುಚ್ಚಳವನ್ನು ಯಾರೂ ಮುಟ್ಟಲಿಲ್ಲ. ಆಗ ಅದು ಯಾವ ಆದೇಶದಲ್ಲೂ ಇರಲಿಲ್ಲ. ಹಾಗಾಗಿಯೇ ಉಳಿದಿತ್ತೋ ಏನೋ.

ತಮ್ಮ ಆದೇಶದ ನಂತರ ಮುಚ್ಚಳಗಳು ಅಣಬೆಗಳಂತೆ ಎದ್ದವು. ವೆಂಡೆಲ್ ಕೆಲಸ ಮಾಡುವ ಸಣ್ಣ ಕಂಪನಿ ಯಾವ ಜೋಡಿಯನ್ನು ಬಾಡಿಗೆಗೆ ಕೇಳಿದರೂ ಅದರ ತಲೆ ಕೆಂಪು. ಪ್ರತಿ ಸಲವೂ ವಾರಗಟ್ಟಲೆ ವಿಚಾರಿಸಿದ ಮೇಲೆ ಬರುತ್ತಿದ್ದ ಉತ್ತರ, ‘ಅದು ಖಾಲಿ.’ ಅಂದರೆ ಮುಚ್ಚಳ ಸುಳ್ಳು, ಎದುರಾಳಿಯನ್ನು ತಡೆಯಲೆಂದೇ ಸಿಕ್ಕಿಸಿದ್ದು. ಅವನ್ನು ಸಿಕ್ಕಿಸಿದವನು ದೊಡ್ಡ ಕಂಪನಿಯ ನೌಕರ ಡೆನ್ನಿ, ನನ್ನ ತಮ್ಮ. ಭಾನುವಾರ ಅವನ ಊಟ ನಮ್ಮ ಮನೆಯಲ್ಲೇ.

“ಏನಪ್ಪಾ ಡೆನ್ನಿ, ಕ್ಷೌರದಂಗಡಿ ತಂತಿಗೂ ಕೆಂಪು! ಅಲ್ಲಿ ಹಾರ್ಟ್ ಆಪರೇಷನ್ ಶುರು ಮಾಡಿದಾರಾ?” ಎಂದು ವೆಂಡೆಲ್ ಕೆಣಕಿದ.

“ಮೇಲಿನೋರು ಹಾಕು ಅಂದ್ರು, ಹಾಕ್ದೆ ಭಾವ. ಅಷ್ಟು ಉರಿ ಇದ್ರೆ ಆಯೋಗಕ್ಕೆ ಬರಿ.”

“ಬರ್ದಾಯ್ತು.”

“ಏನಂದ್ರು?”

“ನಿಮ್ಮ ನಿಮ್ಮಲ್ಲೇ ನೋಡ್ಕೊಳಿ ಅಂದ್ರು.”

ಇಬ್ಬರೂ ನಕ್ಕು, ಕೋಸು ಹಾಕಿ ಬೆಣ್ಣೆಯಲ್ಲಿ ಹುರಿದ ನೂಡಲ್ಸನ್ನು ಮತ್ತೊಮ್ಮೆ ಬಡಿಸಿಕೊಂಡರು.

ತಮ್ಮ ಉತ್ತರದ ಭಾಷೆ ಇನ್ನೂ ಘನವಾಗಿತ್ತು, ಒಪ್ಪುತ್ತೇನೆ. ‘ಇದು ಸ್ಪರ್ಧಿ ಸಂಸ್ಥೆಗಳ ನಡುವಿನ ವಾಣಿಜ್ಯ ವ್ಯಾಜ್ಯ, ಆಯೋಗದ ಮಧ್ಯಪ್ರವೇಶ ಅಪೇಕ್ಷಣೀಯವಲ್ಲ.’ ಅಪೇಕ್ಷಣೀಯವಲ್ಲದ್ದು ಯಾರಿಗೆ, ಮಾನ್ಯರೇ?

ಶಾಲೆಗೆ ಇಂಟರ್‌ನೆಟ್ ಕೊಡಲು ವೆಂಡೆಲ್‌ನ ಕಂಪನಿಗೆ ದೊಡ್ಡ ಕಂಪನಿ ಖಾಲಿ ಎಂದು ಗೊತ್ತುಮಾಡಿಕೊಟ್ಟ ಜೋಡಿಯ ಮೇಲೂ ಮುಚ್ಚಳವಿತ್ತು. ವೆಂಡೆಲ್ ಫೋನು ಹಚ್ಚಿ ಆಲಿಸಿದ. ನಿಶ್ಶಬ್ದ. ಇನ್ನೊಂದು ಸುಳ್ಳು ಎಂದುಕೊಂಡು ಮುಚ್ಚಳ ಕಿತ್ತು ತಂತಿ ಬಿಚ್ಚಿದ. ಬೆಂಕಿಯ ಎಚ್ಚರಿಕೆಯ ತಂತಿಯೂ ನಿಶ್ಶಬ್ದವಾಗಿಯೇ ಇರುತ್ತದೆ. ಬೆಂಕಿ ಬೀಳುವವರೆಗೆ ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಅವನು ಮೀಟರ್ ಹಚ್ಚಿ ನೋಡಬೇಕಿತ್ತು. ನೋಡಲಿಲ್ಲ. ಅದು ಅವನ ತಪ್ಪು. ಜೀವವಿರುವ ತಂತಿಯನ್ನು ಖಾಲಿ ಎಂದು ಬಾಡಿಗೆಗೆ ಕೊಟ್ಟದ್ದು, ಎಲ್ಲ ತಂತಿಗಳಿಗೂ ಒಂದೇ ಸುಳ್ಳನ್ನು ಸಿಕ್ಕಿಸಿದ್ದು ಯಾರ ತಪ್ಪು?

ಮರುದಿನ ಸಾಮಿಲ್‌ನ ಮರ ಒಣಗಿಸುವ ಕೊಠಡಿಗೆ ಬೆಂಕಿ ಬಿತ್ತು. ವೆಂಡೆಲ್ ಬಿಚ್ಚಿದ್ದು ಅದರ ಎಚ್ಚರಿಕೆಯ ತಂತಿಯನ್ನೇ; ಅಗ್ನಿಶಾಮಕ ಠಾಣೆಯಲ್ಲಿ ಗಂಟೆ ಮೊಳಗಲಿಲ್ಲ. ಹೊಗೆ ಕಂಡು ಓಡಿದ ಸ್ವಯಂಸೇವಕರಲ್ಲಿ ಡೆನ್ನಿಯೂ ಇದ್ದ. ಎಲ್ವಿನ್ ಬಾಗಿಲ ಒಳಮಗ್ಗುಲಲ್ಲೇ ಬಿದ್ದಿದ್ದ.

ಸಂಜೆ ಡೆನ್ನಿ ಮಸಿ ಮೆತ್ತಿದ ಮುಖದಲ್ಲೇ ನಮ್ಮ ಅಡುಗೆಮನೆಗೆ ಬಂದ. ಜಗಲಿಯಲ್ಲಿ ತೂಗುಹಾಕಿದ್ದ, ವೆಂಡೆಲ್ ಕಂಬ ಹತ್ತಲು ಕಾಲಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳು ಅವನ ಕೈಯಲ್ಲಿತ್ತು. “ಕೆಂಪು ಕಾಣ್ಲಿಲ್ವೇನೋ ನಿಂಗೆ? ಕಣ್ಣು ಕಾಣ್ಲಿಲ್ವಾ?” ಎಂದ. ವೆಂಡೆಲ್ ಏಳುವುದರೊಳಗೆ ಮೊದಲ ಏಟು ದವಡೆಗೆ ಬಿತ್ತು. ಹಲ್ಲುಗಳು ಮೇಜಿನ ಮೇಲೆ ಚೆಲ್ಲಿದವು. ಎರಡನೆಯದು ಕಿವಿಯನ್ನು ಅರ್ಧಕ್ಕೆ ಸೀಳಿತು. ನೆಲಕ್ಕೆ ಬಿದ್ದವನ ಬಲಗೈಯನ್ನು ಡೆನ್ನಿ ಬೂಟಿನ ಹಿಮ್ಮಡಿಯಿಂದ ತುಳಿದ, ಮತ್ತೆ ತುಳಿದ, ಒಂದೊಂದೇ ಬೆರಳನ್ನು ಹುಡುಕಿ ತುಳಿದ. ನಾನು ಒಲೆಯ ಮೇಲಿದ್ದ ಕಬ್ಬಿಣದ ಬಾಣಲೆಯಿಂದ ನನ್ನ ತಮ್ಮನ ಹೆಗಲಿಗೆ ಹೊಡೆದೆ. ಹೆಗಲ ಮೂಳೆ ಮುರಿದ ಸದ್ದು ಕೇಳಿಸಿತು. ಅವನು ಬೀಳಲಿಲ್ಲ, ಇನ್ನೊಮ್ಮೆ ಹೊಡೆದೆ. ಇಬ್ಬರನ್ನೂ ಒಂದೇ ಆಂಬ್ಯುಲೆನ್ಸಿನಲ್ಲಿ ಸಾಗಿಸಿದರು.

ವೆಂಡೆಲ್‌ನ ದವಡೆಯನ್ನು ತಂತಿ ಹಾಕಿ ಬಿಗಿದಿದ್ದಾರೆ. ವಿಚಾರಣೆಯಲ್ಲಿ ಅವನು ಮಾತನಾಡಲಾರ. ಅವನ ಪರ ಮಾತನಾಡಬಲ್ಲದ್ದು ಅವನು ಅಂದು ತೆರೆದ ಪೆಟ್ಟಿಗೆಯೊಂದೇ. ಅದರಲ್ಲಿ ಇನ್ನೂ ಸಾಲಾಗಿ ಸುಳ್ಳು ಮುಚ್ಚಳಗಳಿವೆ. ಉಳಿದ ಪೆಟ್ಟಿಗೆಗಳಿಂದ ದೊಡ್ಡ ಕಂಪನಿ ಅವನ್ನು ಆಗಲೇ ಕಿತ್ತುಹಾಕಿಸಿದೆ. ಸಾಮಿಲ್ ರಸ್ತೆಯ ಈ ಪೆಟ್ಟಿಗೆಗೆ ಬೆನ್ನು ಕೊಟ್ಟು ನಾನು ಕುರ್ಚಿ ಹಾಕಿ ಕೂತಿದ್ದೇನೆ. ನಿನ್ನೆ ಮಧ್ಯಾಹ್ನ ದೊಡ್ಡ ಕಂಪನಿ, ಜಾಮೀನಿನ ಮೇಲಿರುವ ಡೆನ್ನಿಯನ್ನೇ ಕಳಿಸಿತು. ಯಾವುದು ಸುಳ್ಳು, ಯಾವುದು ನಿಜ ಎಂದು ಬಲ್ಲವನು ಅವನೊಬ್ಬನೇ. ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು, ಬಲಗೈಯಲ್ಲಿ ಇಕ್ಕಳ.

“ಏಳು ಅಕ್ಕ. ಇದು ಕಂಪನಿ ಜಾಗ.”

“ರಸ್ತೆ ಯಾರಪ್ಪಂದೂ ಅಲ್ಲ. ಕೂತಿರ್ತೀನಿ.”

“ನಿನ್ ಮೇಲೆ ಕೈ ಮಾಡಿಸ್ಬೇಡ.”

“ಒಂದೇ ಕೈ ಉಳ್ದಿರೋದು ನಿಂಗೆ. ಯೋಚ್ನೆ ಮಾಡಿ ಎತ್ತು.”

ಅವನು ಇಕ್ಕಳ ಕೆಳಗಿಳಿಸಿದ. “ಎಲ್ವಿನ್‌ನ ಹಿಡ್ಕೊಂಡು ಎಳೆದೆ ಅಕ್ಕ. ಚರ್ಮ ಮಾತ್ರ ನನ್ನ ಕೈಗೆ ಬಂತು.”

“ಗೊತ್ತು ಕಣೋ. ಅದನ್ನೇ ಕೋರ್ಟಲ್ಲಿ ಹೇಳು. ಇವುಗಳಲ್ಲಿ ಯಾವ್ದು ಸುಳ್ಳು ಅಂತಾನೂ ಹೇಳು.”

“ಹೇಳಿದ್ರೆ ನಂಗೂ ಜೈಲು.”

“ಹೌದು.”

ಅವನು ನನ್ನ ಕುರ್ಚಿಯ ಕಾಲಿಗೆ ಬಲವಾಗಿ ಒದ್ದು, ವ್ಯಾನು ಹತ್ತಿ ಹೋದ. ನಾಳೆ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಾನೆಂದು ಊರಿಗೆಲ್ಲ ಗೊತ್ತಿದೆ.

ನನಗೆ ತಮ್ಮ ಸಂತಾಪ ಬೇಡ, ತನಿಖಾ ಸಮಿತಿಯೂ ಬೇಡ. ಒಬ್ಬ ಅಧಿಕಾರಿಯನ್ನು ಇಂದೇ ಕಳಿಸಿ ಈ ಪೆಟ್ಟಿಗೆಗೆ ಮೊಹರು ಹಾಕಿಸಿ. ನ್ಯಾಯಾಧೀಶರ ಎದುರು ಅದನ್ನು ತೆರೆದು, ಒಂದೊಂದೇ ಮುಚ್ಚಳದ ಕೆಳಗೆ ಮೀಟರ್ ಹಚ್ಚಿಸಿ. ನನ್ನ ಗಂಡನಿಗೆ ಎಷ್ಟು ಶಿಕ್ಷೆ ಸಲ್ಲಬೇಕೋ ಅಷ್ಟು ಸಲ್ಲಲಿ, ಉಳಿದದ್ದು ಉಳಿದವರಿಗೆ. ಅಲ್ಲಿಯವರೆಗೆ ನಾನು ಏಳುವುದಿಲ್ಲ. ನನ್ನನ್ನು ಎಬ್ಬಿಸಲು ಮೊದಲು ಕೈ ಹಾಕುವವನು ನನ್ನ ತಮ್ಮನೇ ಆಗಿರುತ್ತಾನೆ, ನಾನೂ ಸುಮ್ಮನಿರುವವಳಲ್ಲ. ತಾವು ಮೊಹರು ಹಾಕದೇ ಬಿಟ್ಟರೆ, ನಮ್ಮಿಬ್ಬರಲ್ಲಿ ಒಬ್ಬರೇ ಉಳಿಯಲಿ ಎಂದು ತಾವೇ ತೀರ್ಮಾನಿಸಿದಂತೆ.

ಇಂತಿ,
ಹೊಡೆದವನ ಅಕ್ಕ, ಹೊಡೆತ ತಿಂದವನ ಹೆಂಡತಿ,
ನೇಡೀನ್ ಕೋಝಾರ್
ಸಾಮಿಲ್ ರಸ್ತೆ, ಸ್ಲೇಟ್ ಫೋರ್ಕ್