ಅಂಗಿಯ ಮೇಲಿನ ಹೆಸರುಗಳು

ಥಿಸ್ಟೆಡ್, ಡೆನ್ಮಾರ್ಕ್
ಮಾರ್ಚ್ ೧೪, ಗುರುವಾರ

ಪ್ರೀತಿಯ ಥೂರಾ,

ಹೇಗಿದ್ದೀ? ರಾತ್ರಿ ನಿದ್ದೆ ಸಿಗುತ್ತಿದೆಯೇ? ಪುಟ್ಟಿಯ ಹೊಟ್ಟೆನೋವು ಕಡಿಮೆಯಾಯಿತೇ? ಬರೀ ಕಾಫಿಯಲ್ಲಿ ದಿನ ದೂಡಬೇಡ, ಹಾಲು ಬತ್ತೀತು. ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ. ಅಂಗಡಿಗೆ ಮಾತ್ರ ಸಾವು ಬಂದಿದೆ.

ಆನ್‌ಲೈನಿನಲ್ಲಿ ನಾನು ಮಾರುತ್ತಿದ್ದ ಉಣ್ಣೆಯ ಕುಲಾವಿಗಳನ್ನು ಈಗ ಕೇಳುವವರಿಲ್ಲ. ಸಾವಿರಾರು ಜನ ನೋಡುವ ನಿನ್ನ ವಿಡಿಯೋದಲ್ಲಿ ಮಗುವಿಗೆ ಒಂದನ್ನು ತೊಡಿಸಿ ತೋರಿಸು ಎಂದು ನಾನು ಕೇಳಿದಾಗ, ನೀನು ಹೊರಗಿನವರಿಗೆ ಹೇಳುವ ದರವನ್ನೇ ಹೆತ್ತವಳಿಗೂ ಹೇಳಿದೆ. ನಾನೂ ಕೊಟ್ಟೆ. ವಿಡಿಯೋದ ಮೇಲೆ ‘ಜಾಹೀರಾತು’ ಎಂದು ಬರೆಯಬೇಕಲ್ಲವೇ ಎಂದು ಕೇಳಿದ್ದಕ್ಕೆ ನೀನು ನಕ್ಕೆ: “ಅಯ್ಯೋ ಅಮ್ಮಾ, ಆ ಪದ ಕಂಡ್ರೆ ಒಂದು ನಾಯೀನೂ ನೋಡಲ್ಲ. ಅಜ್ಜಿ ಪ್ರೀತಿಯಿಂದ ಹೆಣೆದಿದ್ದು ಅಂತೀನಿ, ಸುಮ್ನಿರು.”

ಯಾರೋ ದೂರಿತ್ತರು. ಗ್ರಾಹಕರ ಹಿತ ಕಾಯುವ ಕಚೇರಿಯವರು ನಮ್ಮಿಬ್ಬರಿಗೂ ಬರೆದು ಕಾರಣ ಕೇಳಿದರು. ಆಗ ನೀನು ಕಣ್ಣೀರಿಡುತ್ತಾ ಇನ್ನೊಂದು ವಿಡಿಯೋ ಮಾಡಿದೆ: “ಮುಚ್ಚಿಡು ಅಂತ ಅಮ್ಮನೇ ಕಾಲು ಹಿಡಿದ್ಲು. ಹೆತ್ತವಳಿಗೆ ಇಲ್ಲ ಅನ್ನೋಕಾಗುತ್ತಾ?” ಎಷ್ಟು ಚೆನ್ನಾಗಿ ಅತ್ತುಬಿಟ್ಟೆ, ಮಗಳೇ! ಹುಟ್ಟಿದಾಗಲೂ ಅಷ್ಟು ಅತ್ತಿರಲಿಲ್ಲ. ಈಗ ಬೇಕರಿಯ ಕ್ರೆಸ್ಟೆನ್ ನನ್ನನ್ನು ಕಂಡಾಗಲೆಲ್ಲ ಕೂಗುತ್ತಾನೆ: “ಏನ್ ಬೋಡಿಲ್, ಇವತ್ತಿನ ನಮಸ್ಕಾರ ಬಿಟ್ಟಿನೋ, ದುಡ್ಡಿಗೋ?” ಸಾಲಿನಲ್ಲಿ ನಿಂತವರು ನಗುತ್ತಾರೆ. ನಾನೂ ನಗುತ್ತೇನೆ.

ಭಾನುವಾರದ ನಾಮಕರಣಕ್ಕೆ ಮನೆತನದ ಅಂಗಿ ಕಳಿಸು ಎಂದು ಬರೆದಿದ್ದೀಯ. ನೀನೂ ಬಾ ಎಂದು ಬರೆದಿಲ್ಲ. ಚರ್ಚಿನಿಂದಲೇ ಲೈವ್ ಮಾಡುತ್ತೀಯಂತೆ, ತೊಟ್ಟಿಲು ಮಾರುವವರು ಅದಕ್ಕೆ ದುಡ್ಡು ಕೊಡುತ್ತಾರಂತೆ. ಈ ಸಲವಾದರೂ ಆ ಪದ ಹಾಕುತ್ತೀಯೋ ಇಲ್ಲವೋ, ನಾನು ಕೇಳಲಿಲ್ಲ. ಆ ಅಂಗಿ ತೊಡದೆ ನಮ್ಮ ಮನೆಯ ಮಗು ಯಾವುದೂ ಪಾದ್ರಿಯ ಮುಂದೆ ಹೋದದ್ದಿಲ್ಲ. ಅದರ ಅಂಚಿನಲ್ಲಿ ನನ್ನಜ್ಜಿಯ ಹೆಸರಿದೆ, ಅಮ್ಮನದಿದೆ, ನನ್ನದು, ನಿನ್ನದು. ಹೊಸ ಹೆಸರಿನ ಕಸೂತಿ ಅಜ್ಜಿಯಾದವಳ ಪಾಲು. ನಮ್ಮ ಪುಟ್ಟಿ ವಿಲ್ಯಾಳ ಹೆಸರನ್ನೂ ಹಾಕಿ ಅಂಗಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಶನಿವಾರ ಸಂಜೆ ನಿನ್ನ ಕೈ ಸೇರುತ್ತದೆ.

ಮಗುವಿನ ನೆತ್ತಿಗೊಂದು ಮುತ್ತು. ಅವಳು ನಿನ್ನಂತಾಗದಿರಲಿ, ನನ್ನಂತೆಯೂ ಆಗದಿರಲಿ.

ನಿನ್ನನ್ನು ಹೆತ್ತ
ಬೋಡಿಲ್

ಹೇಳುವುದು ಮರೆತೆ: ಕಚೇರಿಯವರು ಬರೆದದ್ದು ನೆನಪಿದೆಯಲ್ಲ? ಆ ಪದ ಮೊದಲಲ್ಲೇ ಇರಬೇಕು, ದೊಡ್ಡದಾಗಿರಬೇಕು, ಯಾರೂ ಹುಡುಕುವಂತಿರಬಾರದು. ಅದಕ್ಕೇ ಅಂಗಿಯ ಎದೆಯ ಮೇಲೆ ಕೆಂಪು ದಾರದಲ್ಲಿ ‘ಜಾಹೀರಾತು’ ಎಂದು ಹಾಕಿದ್ದೇನೆ. ದಾರ ಬಿಚ್ಚಲು ಹೋಗಬೇಡ. ಬಟ್ಟೆ ಹಳೆಯದು, ಹರಿದುಹೋಗುತ್ತದೆ.