ದಾರಿಗೆ ಇಟ್ಟ ಬೀಸುಕಲ್ಲು

ಸೊಲ್ಲಾಪುರ
ತಾ. ೧೩-೨-೧೯೭೫

ಪ್ರೀತಿಯ ಮಗ ಮಲಕಾಜಪ್ಪನಿಗೆ, ನಿನ್ನ ಅವ್ವ ತಲೆಯ ಮೇಲೆ ಕೈಯಿಟ್ಟು ಹರಸುವುದು.

ನಿನ್ನ ಕೆಮ್ಮು ಹೇಗಿದೆ? ಮಂಗಳವೇಢೆಯ ಅಡತಿ ಅಂಗಡಿಯಲ್ಲಿ ಜೋಳದ ಧೂಳು ಕುಡಿಯುತ್ತಲೇ ಕೂತಿರುತ್ತೀ, ನನಗೆ ಗೊತ್ತು. ಮೂಗಿಗೆ ವಸ್ತ್ರ ಕಟ್ಟಿಕೋ ಎಂದರೆ "ಮಂದಿ ನಗ್ತಾರವ್ವಾ" ಅನ್ನುತ್ತೀ. ನಗಲಿ ಬಿಡು, ಅವರೇನು ಬಂದು ನಿನ್ನ ಎದೆಗೆ ಎಣ್ಣೆ ತಿಕ್ಕುತ್ತಾರೆಯೇ? ರೊಟ್ಟಿಗೆಂದು ಕೊಟ್ಟ ಶೇಂಗಾ ಹಿಂಡಿ ಮುಗಿದಿದ್ದರೆ ತಿಳಿಸು. ಇಲ್ಲಿ ನಿನ್ನ ಹೆಂಡತಿ ಕಸ್ತೂರಿ ಮೈಯಲ್ಲಿ ಚೆನ್ನಾಗಿದ್ದಾಳೆ, ಮನಸ್ಸಿನಲ್ಲಿ ಇಲ್ಲ, ಕೂಸಿನ ಹಟಕ್ಕೆ ಬೇಸತ್ತಿದ್ದಾಳೆ. ನಾನಂತೂ ಸೋಮವಾರದಿಂದ ತಲಬಾಗಿಲು ಬಿಟ್ಟು ಕದಲಿಲ್ಲ.

ದೊಡ್ಡ ರಸ್ತೆ ಅಗೆದಾಗಿನಿಂದ ಪೇಟೆಯ ಲಾರಿಗಳೆಲ್ಲ ನಮ್ಮ ಓಣಿಗೇ ನುಗ್ಗುತ್ತಿವೆ. ನಿನ್ನ ಮಗಳು ಮುಕ್ತಾ ಕಣ್ಣು ತಪ್ಪಿಸಿ ಹೋಗಿ ನಡು ಓಣಿಯಲ್ಲಿ ಹುಣಸೆಬೀಜ ಆರಿಸುತ್ತ ಕೂಡುತ್ತಾಳೆ. ಕರೆದರೆ ಬರುವುದಿಲ್ಲ. "ಅಪ್ಪನ ಹಟಾನೇ ಬಂದೈತಿ" ಎಂದು ಕಸ್ತೂರಿ ಬೆನ್ನಿಗೆ ಎರಡು ಕೊಡುತ್ತಾಳೆ. ಹೊರಡುವ ದಿನ ನೀನೂ ಅವಳ ಕಿವಿ ಹಿಂಡಿದ್ದೆ. ನಾಲ್ಕು ವರ್ಷದ ಕೂಸು, ಯಾವಾಗ ಗಾಲಿಯ ಕೆಳಗೆ ಹೋಗುತ್ತದೋ ಎಂದು ನನಗೆ ತುತ್ತು ಇಳಿಯುತ್ತಿಲ್ಲ. "ಓಣಿ ಉಸಾಬರಿ ನಿನಗ್ಯಾಕ ಅವ್ವಾ?" ಎಂದು ನೀನು ಹೇಳಿಹೋಗಿದ್ದೆ. ಆದರೂ ಎದುರುಮನೆ ಬಂಡೆಪ್ಪನ ಕೈಯಲ್ಲಿ ಅರ್ಜಿ ಬರೆಸಿದೆ: ರಸ್ತೆಗೆ ಅಡ್ಡ ಒಂದು ಉಬ್ಬು ಹಾಕಿಸಿರಿ, ಲಾರಿಗಳು ಮೆಲ್ಲಗೆ ಹೋಗಲಿ ಎಂದು.

ಸೋಮವಾರ ರಸ್ತೆ ನೋಡುವ ಸಾಹೇಬ ಬಂದ. ಬಂದವನೇ "ಇಲ್ಲಿ ಯಾರರೆ ಸತ್ತಾರೇನ್ರಿ?" ಎಂದು ಕೇಳಿದ. ಯಾರೂ ಸಾಯದಿದ್ದರೆ ಉಬ್ಬು ಹಾಕುವ ರೂಢಿಯಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. "ಸತ್ತ ಮ್ಯಾಲೆ ಉಬ್ಬು ಯಾಕ್ರಿ ಸಾಹೇಬ್ರ, ಸಮಾಧಿನೇ ಕಟ್ಟಸ್ತೀವಲ್ಲ!" ಅಂದೆ. ಅವನಿಗೆ ಸಿಟ್ಟು ಬಂತು. ಪರೀಕ್ಷೆ ಮಾಡೇ ತೋರಿಸುತ್ತೇನೆಂದು ಬರುತ್ತಿದ್ದ ಒಂದು ಲಾರಿಯವನಿಗೆ ಹಾರ್ನ್ ಹೊಡೆಯುತ್ತ ಬಾ ಎಂದು ಕೈಮಾಡಿದ. ಮಂದಿಯೆಲ್ಲ ಕಟ್ಟೆ ಹತ್ತಿದರು, ಕುರಿಗಳು ಕೂಡ ಸರಿದವು. "ನೋಡ್ರಿ, ಹಾರ್ನ್ ಹೊಡೆದ್ರ ಎಲ್ಲಾರೂ ಸರೀತಾರ. ಉಬ್ಬು ಕಶಾಲಾ, ಯಾಕ ಬೇಕು?" ಎಂದು ಅವನು ಹೇಳುತ್ತಿರುವಾಗಲೇ ನಾನು ಚೀರಿದೆ. ಮುಕ್ತಾ ಲಾರಿಗೆ ಬೆನ್ನು ಮಾಡಿ ಬೀಜ ಆರಿಸುತ್ತಿದ್ದಳು. ಬ್ರೇಕು ಕಿರುಗುಟ್ಟಿ, ಒಂದು ಮೊಳ ದೂರದಲ್ಲಿ ಗಾಡಿ ನಿಂತಿತು. ಓಡಿಹೋಗಿ ಕೂಸನ್ನು ಎತ್ತಿಕೊಂಡೆ, ಮಗನೇ. ಆ ಸಾಹೇಬ "ನಿಮ್ಮ ಹುಡುಗೀಗಿ ಶಿಸ್ತು ಕಲಸ್ರಿ" ಎಂದು ಹೇಳಿ ಸೈಕಲ್ ಏರಿ ಹೋದ.

ಗಿರಣಿ ಬಂದ ಮೇಲೆ ಮೂಲೆಗೆ ಬಿದ್ದಿತ್ತಲ್ಲ ನಮ್ಮ ಬೀಸುಕಲ್ಲು, ಅದನ್ನು ಅಂದು ಸಂಜೆಯೇ ಬಂಡೆಪ್ಪನ ಸಂಗಡ ಉರುಳಿಸಿ ನಡುದಾರಿಗೆ ಇಟ್ಟೆ. ವಿಭೂತಿ ಬಳಿದು, ಕುಂಕುಮ ಹಚ್ಚಿ, ಎರಡು ಚೆಂಡುಹೂ ಏರಿಸಿದೆ. ಶಿವನೇ, ಏನು ಮಹಿಮೆ! ಬಿರುಗಾಳಿ ಹಾಗೆ ಬರುತ್ತಿದ್ದ ಡ್ರೈವರುಗಳು ಈಗ ಇರುವೆ ಹಾಗೆ ಸುತ್ತು ಹಾಕಿ ಹೋಗುತ್ತಾರೆ. ಒಬ್ಬನಂತೂ ಇಳಿದು ಕಾಯಿ ಒಡೆದ. ಕಲ್ಲು ಎತ್ತಲು ಸಾಹೇಬ ಕಳಿಸಿದ ಇಬ್ಬರು ಆಳುಗಳು ಕೈಮುಗಿದು ಹಾಗೇ ವಾಪಸು ಹೋದರು. ಕಸ್ತೂರಿಗೆ ನಗು, ನನಗೆ ಮಾತ್ರ ಅಂಜಿಕೆ. ಬರುವ ಸೋಮವಾರ ಸಾಹೇಬ ಪೊಲೀಸರನ್ನು ಕರೆದುಕೊಂಡು ಬಂದು ಎತ್ತಿಸುತ್ತಾನಂತೆ. ಓಣಿಯವರಿಗೆಲ್ಲ ಉಬ್ಬು ಬೇಕು, ಆದರೆ ತಮ್ಮ ಬಾಗಿಲ ಮುಂದೆ ಬೇಡ. ಲಾರಿ ಕುಕ್ಕಿ ಗೋಡೆ ಬಿರಿಯುತ್ತದಂತೆ. ಬಿರಿದರೆ ಬಿರಿಯಲಿ, ನಮ್ಮ ಬಾಗಿಲ ಮುಂದೆಯೇ ಹಾಕಿರಿ ಎಂದಿದ್ದೇನೆ. ಅದಕ್ಕೆ ಮನೆಯ ಗಂಡಸು, ನೀನೇ ಬಂದು ನಿಂತು ಹೇಳಬೇಕು.

ಬಿಸಿಲಲ್ಲಿ ತಿರುಗಬೇಡ. ಅಡತಿಯ ಹಿರಿಯರಿಗೆ ನನ್ನ ಶರಣು ತಿಳಿಸು. ನಿನಗೆ ನೂರು ವರ್ಷ ಆಯುಷ್ಯವಾಗಲಿ.

ನಿನ್ನ ಅವ್ವ
ಅಕ್ಕನಾಗಮ್ಮ

ತಾ.ಕ.: ಕಸ್ತೂರಿ ನೀರಿಗೆ ಹೋಗಿದ್ದಾಳೆ, ಅದಕ್ಕೇ ಬೇಗ ಬೇಗ ಬರೆಯುತ್ತಿದ್ದೇನೆ. ಲಾರಿ ನಿಂತ ದಿನದಿಂದ ನನಗೊಂದು ಸಂಶಯವಿತ್ತು. ಇವತ್ತು ಮುಕ್ತಾಳ ಬೆನ್ನ ಹಿಂದೆ ನಿಂತು ಹಿತ್ತಾಳೆ ಪರಾತ ಬಡಿದೆ. ಮಾಳಿಗೆಯ ಮೇಲಿನ ಕಾಗೆಗಳು ಹಾರಿದವು, ಕೂಸು ತಿರುಗಲಿಲ್ಲ. ಮತ್ತೆ ಬಡಿದೆ. ತಿರುಗಲಿಲ್ಲ. ಮಳೆಗಾಲದಲ್ಲಿ ಅವಳಿಗೆ ಬಂದಿದ್ದ ಆ ಜ್ವರ ಕಿವಿಯನ್ನೇ ಒಯ್ದಿದೆ, ಮಲಕಾಜಪ್ಪಾ. ಹಟ ಅಲ್ಲ, ಅವಳಿಗೆ ಕೇಳುವುದಿಲ್ಲ. ಹೆತ್ತವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಕಾಗದ ಮುಟ್ಟಿದ ಕೂಡಲೇ ಎಸ್.ಟಿ. ಬಸ್ಸು ಹಿಡಿ. ಬಂದಾಗ ಎಂದಿನಂತೆ ಬಾಗಿಲಲ್ಲಿ ನಿಂತು ಅವಳನ್ನು ಕೂಗಬೇಡ, ಎದುರಿಗೆ ಹೋಗಿ ಕೂತುಕೋ.